ಹಗೇವಿಗೆ ಇಳಿಬಿಟ್ಟ ಬ್ಯಾಟರಿ

“ಏನಲೇ, ನಿಮ್ಮವ್ವ ನಿನ್ನ ಹಡಿಯೂ ಮುಂದ ಕೈಕಾಲು ಇಟ್ಟು ಎದಿ ಇಡೂದು ಮರತಾಳೇನು?”

ಹೀಗೆ ಅಂದವನು ಒಬ್ಬ ಸಾವುಕಾರ. ಅನ್ನಿಸಿಕೊಂಡವನು ಅವನ ಆಳು. ಯಾವ ಊರು ಅಂತ ಕೇಳಬೇಡಿ, ನಿಮ್ಮೂರು ಅಂತಲೇ ಇಟ್ಟುಕೊಳ್ಳಿ. ಮನೆಯೊಳಗೆ ಕರೆದು ಅಂದದ್ದಲ್ಲ ನೋಡಿ. ಓಣಿಯ ನಡುವೆ, ಹಮಾಲರು, ಲಾರಿ ಡ್ರೈವರು, ಕಟ್ಟೆಯ ಮೇಲಿನ ಹಿರಿಯರು, ಕೊಡ ಹಿಡಿದು ಹೊರಟ ಹೆಣ್ಣುಮಕ್ಕಳು ಎಲ್ಲರೂ ನಿಂತು ಕೇಳುತ್ತಿದ್ದಾಗ ಅಂದ. ಕೆಲವರು ನಕ್ಕರು. ನಗದವರು ನೆಲ ನೋಡಿದರು.

ಆಳು ಮಾಡಿದ ತಪ್ಪಾದರೂ ಏನು? ಹಗೇವಿಗೆ ದೀಪ ಇಳಿಬಿಟ್ಟಿದ್ದ. ಅಷ್ಟೇ.

ಹಗೇವು ಗೊತ್ತಲ್ಲ? ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಯಾಕೆ ಬೀಳುವುದಿಲ್ಲ? ಒಳಗೆ ಹುಳಕ್ಕೂ ಉಸಿರಿಲ್ಲ, ಅದಕ್ಕೆ. ಕಾಳಿಗೂ ಜೀವವಿದೆ ನೋಡಿ, ಅದೂ ಉಸಿರಾಡುತ್ತದೆ. ನಮ್ಮ ಹಾಗೆಯೇ ಒಳ್ಳೆಯ ಗಾಳಿ ತೆಗೆದುಕೊಂಡು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾದಾ ಗಾಳಿಗಿಂತ ಭಾರ. ಹೊರಗೆ ಹೋಗಲು ದಾರಿಯಿಲ್ಲದೆ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಅದಕ್ಕೇ ಹಗೇವು ತೆರೆದವರು ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಬಾಯಿ ತೆರೆದಿಟ್ಟು ಕಾಯಬೇಕು.

ಇದೇನು ಗುಟ್ಟಿನ ವಿದ್ಯೆಯೇ? ಊರಿನ ಕೂಸಿಗೂ ಗೊತ್ತಿದ್ದ ಮಾತು. ಸಾವುಕಾರನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇದನ್ನು ಮರೆಯಬೇಡಿ, ಅವನಿಗೂ ಗೊತ್ತಿತ್ತು.

ಹಿಂದೊಮ್ಮೆ ಅರ್ಧ ಜೋಳ ತೆಗೆದು ಮತ್ತೆ ಮುಚ್ಚಿದ್ದ ಹಗೇವು ಅದು. ಈ ಬೈಗುಳ ಬಿದ್ದ ದಿನ ಚಪ್ಪಡಿ ಸರಿಸಿ ದೀಪ ಬಿಟ್ಟರೆ, ಕಾಳು ಮುಟ್ಟುವ ಮೊದಲೇ ಆರಿಹೋಯಿತು.

“ದೀಪಾ ಆರೇತ್ರೀ ಸಾವ್ಕಾರ್ರ,” ಅಂದಿದ್ದ ಆಳು. “ಬಾಯಿ ತೆರದ ಬಿಡೂಣ್ರೀ, ಗಾಳಿ ಆಡಲಿ. ನಾಳಿ ಇಳೀತೀನಿ.”

“ನಾಳಿ ತನಕ ನಿಂದರಾಕ ಲಾರಿ ನಿಮ್ಮಪ್ಪಂದೇನು? ಪ್ಯಾಟಿ ಧಾರಣಿ ನಿನ್ನ ಕೇಳಿ ಕುಂದರತೈತೇನು?” ಅಂದ ಸಾವುಕಾರ. ಅದರ ಮೇಲೆ, ಮೊದಲೇ ಹೇಳಿದೆನಲ್ಲ, ಅವ್ವನ ಆ ಮಾತು.

ಆಳು ನುಂಗಿಕೊಂಡ. ಅವನಿಗೆ ಭಯವಾದದ್ದು ಬೈಗುಳಕ್ಕಲ್ಲ. ಪಕ್ಕದಲ್ಲಿ ತಮ್ಮ ನಿಂತಿದ್ದ. ಹೋದ ವರ್ಷವಷ್ಟೇ ಮದುವೆಯಾದವನು, ಬಿಸಿರಕ್ತದವನು. ಅವ್ವನ ಹೆಸರು ಬಂದೊಡನೆ ಅವನ ದವಡೆ ಬಿಗಿದದ್ದು ಅಣ್ಣನ ಕಣ್ಣಿಗೆ ಬಿತ್ತು. ಬಿದ್ದದ್ದೇ ತಡ, ತಮ್ಮನಿಗೂ ಹಗೇವಿಗೂ ನಡುವೆ ಸರಿದು ನಿಂತ.

ಅಷ್ಟರಲ್ಲಿ ಸಾವುಕಾರ ಏನು ಮಾಡಿದ ಗೊತ್ತೇ? ಮನೆಯೊಳಗಿಂದ ಹೊಸ ಬ್ಯಾಟರಿ ತರಿಸಿದ. ಗುಂಡಿ ಒತ್ತಿ, ಹಗ್ಗಕ್ಕೆ ಕಟ್ಟಿ, ತಾನೇ ಇಳಿಬಿಟ್ಟ. ತಳದ ಜೋಳ ಥಳಥಳ ಹೊಳೆಯಿತು.

“ಎಲ್ಲಿ ಆರೇತಲೇ? ಝಗಝಗ ಉರಿಯಾಕತ್ತೈತಿ, ಬಗ್ಗಿ ನೋಡ. ನಿನ್ನ ದೀಪದಾಗ ಎಣ್ಣಿ ಇರಲಿಲ್ಲ, ನಿನ್ನ ಮೈಯಾಗ ಕಸುವಿಲ್ಲ.”

ಮಂದಿ ಮತ್ತೆ ನಕ್ಕರು. ಬ್ಯಾಟರಿಗೆ ಉಸಿರು ಬೇಕೇ? ಬೇಡ. ಸಾಯುವ ಜಾಗದಲ್ಲೂ ಅದು ಬೆಳಗುತ್ತದೆ. ದೀಪ ಬಿಟ್ಟದ್ದು ಬೆಳಕಿಗಲ್ಲ. ಅದು ನಮಗಿಂತ ಮೊದಲು ಹೋಗಿ ನಮ್ಮ ಪರವಾಗಿ ಉಸಿರಾಡಿ ನೋಡುತ್ತಿತ್ತು. ಸುದ್ದಿ ಕೆಟ್ಟದ್ದೆಂದು ಸುದ್ದಿ ಹೇಳುವವನನ್ನೇ ಬದಲಿಸಿದ. ಒಳಗಿನ ಗಾಳಿ ಬದಲಾಯಿತೇ?

“ಅಣ್ಣಾ, ಹಗ್ಗಾ ಹಿಡಿ,” ಅಂದ ತಮ್ಮ.

“ಬ್ಯಾಡೋ. ಅನ್ನವರು ಅಂದಕೊಳ್ಳಲಿ.”

“ಅವ್ವನ ತನಕಾ ಬಂದ್ರು. ನೀ ತಿನ್ನು ಬೈಗಳಾ, ನಂಗ ಹೊಟ್ಟಿ ತುಂಬೇತಿ.”

ಅಣ್ಣ ತೋಳು ಹಿಡಿದ. ತಮ್ಮ ಕೊಸರಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು, ಇಳಿದೇಬಿಟ್ಟ.

ಅಣ್ಣನ ಅಂಗೈಯಲ್ಲಿ ಹಗ್ಗ ಜಾರುತ್ತ ಹೋಯಿತು. ಅವನ ಜೀವವೆಲ್ಲ ಕಿವಿಗೆ ಬಂದಿತ್ತು.

“ಏನ ಕಾಣತೈತೋ?”

“ಜ್ವಾಳಾ ಕಾಣತಾವು. ಮತ್ತೇನ ರಂಭಿ ಕಾಣತಾಳೇನು?”

“ತಲಿ ಹೆಂಗೈತಿ?”

“ಒಂಚೂರು ಭಾರ…”

ಇನ್ನೊಮ್ಮೆ ಕೂಗಿದ. ಕಾಳಿನ ಮೇಲೆ ಏನೋ ಮೆಲ್ಲಗೆ ಒರಗಿದ ಸದ್ದು. ಬ್ಯಾಟರಿ ಮಾತ್ರ ಉರಿಯುತ್ತಲೇ ಇತ್ತು.

ಅಣ್ಣ ಹಗ್ಗ ಜಗ್ಗಿದ. ಬಂಡೆ ಜಗ್ಗಿದ ಹಾಗಾಯಿತು. “ಯಾರರೆ ಕೈ ಹಚ್ಚರೋ ಯಪ್ಪಾ.” ನಕ್ಕವರೇ ಓಡಿ ಬಂದರು. ಕೆಳಗಿಳಿಯಲು ಮುಂದಾದ ಒಬ್ಬ ಹಮಾಲನನ್ನು ಹಿರಿಯರು ಹಿಡಿದು ನಿಲ್ಲಿಸಿದರು. ನೋಡಿ, ಈಗ ಎಲ್ಲರಿಗೂ ದೀಪದ ಮಾತು ನೆನಪಾಯಿತು. ಈಗ. ಹಗೇವಿನ ಬಾಯಿಯ ಹತ್ತಿರ ಬಂದಾಗ ತಮ್ಮನ ಭುಜ ಸಿಕ್ಕಿಕೊಂಡಿತು. ಅಣ್ಣ ಮಣ್ಣಿನ ಮೇಲೆ ಬೋರಲಾಗಿ, ಕೂದಲೋ ಅಂಗಿಯೋ ಕೈಗೆ ಸಿಕ್ಕಿದ್ದು ಹಿಡಿದು ಹೊರಗೆಳೆದ. ತಮ್ಮನ ತುಟಿ ನೀಲಿಗಟ್ಟಿತ್ತು. ಎದೆ ಅಲುಗುತ್ತಿರಲಿಲ್ಲ. ಬಾಯಿಗೆ ಬಾಯಿಟ್ಟು ಊದಿದ. ಊದುತ್ತಲೇ ಇದ್ದ. ಎಷ್ಟೋ ಹೊತ್ತಿನ ಮೇಲೆ ಎದೆ ಒಮ್ಮೆ ಎದ್ದಿತು. ನಿಂತಿತು. ಮತ್ತೆ ಎದ್ದಿತು. ತಮ್ಮ ಕಣ್ಣು ತೆರೆದ. ಆದರೆ ಅಣ್ಣನನ್ನು ಯಾರೋ ದಾರಿಹೋಕನನ್ನು ನೋಡುವ ಹಾಗೆ ನೋಡಿದ.

ಕಥೆ ಇನ್ನೊಂದಿಷ್ಟಿದೆ. ಅದಕ್ಕೂ ಮೊದಲು, ಆ ಸಾವುಕಾರನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೀರಲ್ಲ? ಬೈಯಿರಿ. ಬೈದು ಮುಗಿದ ಮೇಲೆ ತಲೆಯೆತ್ತಿ ಆಕಾಶ ನೋಡಿ. ಅಲ್ಲೇನು ಬಯಲು, ಎಷ್ಟು ಬಿಟ್ಟರೂ ಹಿಡಿಸುತ್ತದೆ ಅಂದುಕೊಂಡಿದ್ದೀರಾ? ನಮ್ಮ ಗಾಡಿ, ನಮ್ಮ ಇಟ್ಟಿಗೆ ಭಟ್ಟಿ, ನಾವು ಮನೆಯಲ್ಲಿ ಸ್ವಿಚ್ಚು ಒತ್ತಿದಾಗ ಎಲ್ಲೋ ದೂರದಲ್ಲಿ ಉರಿಯುವ ಕಲ್ಲಿದ್ದಲು, ಎಲ್ಲದರಿಂದಲೂ ಅದೇ ಕಾಣದ ಗಾಳಿ ಹೋಗಿ ಅಲ್ಲಿ ಸೇರುತ್ತಿದೆ. ಹಗೇವಿನ ಹಾಗೆ ಅದು ಒಮ್ಮೆಲೇ ಕತ್ತು ಹಿಸುಕುವುದಿಲ್ಲ. ನೆಲದ ಕಾವು ಹೊರಗೆ ಹೋಗದಂತೆ ಹಿಡಿದಿಡುತ್ತದೆ. ನಿಧಾನಕ್ಕೆ ಬೇಯಿಸುತ್ತದೆ.

ದೀಪ ಆರಿಲ್ಲವೇ? ಇಬ್ಬನಿ ಬೀಳಬೇಕಾದ ತಿಂಗಳಲ್ಲಿ ಇಬ್ಬನಿಯಿಲ್ಲದೆ ಬಿಳಿಜೋಳದ ತೆನೆ ಜೊಳ್ಳಾಯಿತಲ್ಲ, ಅದು ಯಾವ ದೀಪ? ಡಾಂಬರು ಹಾಕುತ್ತಿದ್ದ ಹೆಣ್ಣುಮಗಳು ಬಿಸಿಲಿಗೆ ರಸ್ತೆಯ ಮೇಲೆಯೇ ಕುಸಿದಳಲ್ಲ, ಅದು? ನಾವೇನು ಮಾಡಿದೆವು? ಏಸಿ ತಂದೆವು. ಕಿಟಕಿ ಮುಚ್ಚಿ, ತಂಪಾಗಿ ಕೂತು, ಎಲ್ಲಿದೆ ಬಿಸಿಲು ಅಂದೆವು. ಆರಿದ ದೀಪ ಎತ್ತಿಟ್ಟು ಬ್ಯಾಟರಿ ಇಳಿಬಿಟ್ಟೆವು. ಆ ಹೆಣ್ಣುಮಗಳನ್ನು ಮಾತ್ರ ನಾಳೆಯೂ ಬಿಸಿಲಿಗೇ ಇಳಿಸುತ್ತೇವೆ.

ಈ ಕಥೆ ಹೇಳಲು ಬರುವಾಗ ಹೊರಗೆ ನೋಡಿದೆ. ಪಕ್ಕದ ಓಣಿಯಿಂದ ಬಂದವರೂ ಬೈಕಿನಲ್ಲೇ ಬಂದಿದ್ದೀರಿ. ಯಾರದೋ ಕಾರು ಈಗಲೂ ಗುರುಗುಟ್ಟುತ್ತಿದೆ, ಡ್ರೈವರು ಒಳಗೆ ತಂಪಿನಲ್ಲಿ ಮಲಗಿದ್ದಾನೆ. ಹೋಗಿ ಆರಿಸಿ ಬನ್ನಿ, ನಾನು ಕಾಯುತ್ತೇನೆ. ನಾಳೆಯಿಂದ ಹಾಲಿಗೆ, ಅಂಗಡಿಗೆ, ಗುಡಿಗೆ ನಡೆದುಹೋಗಿ. ಕಬ್ಬು ಕಡಿದ ಮೇಲೆ ಉಳಿದ ಒಣಗರಿಗೆ, ಅದೇ ರವದಿಗೆ, ಬೆಂಕಿ ಇಡಬೇಡಿ, ಹೊಲದಲ್ಲೇ ಹರಡಿ ಕೊಳೆಯಲು ಬಿಡಿ. ಟ್ರ್ಯಾಕ್ಟರ್ ನಿಲ್ಲಿಸಲು ಅಡ್ಡವೆಂದು ಬೇವಿನ ಮರ ಕಡಿಯಲು ಆಳು ಗೊತ್ತುಮಾಡಿದವರು ಇಲ್ಲೇ ಕೂತಿದ್ದೀರಿ. ಕೊಡಲಿಯವನನ್ನು ವಾಪಸು ಕಳಿಸಿ. ದೊಡ್ಡ ಕಾರ್ಖಾನೆಯವರು ಮೊದಲು ಮಾಡಲಿ ಅನ್ನುತ್ತೀರಾ? ಅವರನ್ನೂ ಕೇಳಿ, ಬಾಗಿಲಿಗೆ ಹೋಗಿ ಕೇಳಿ. ಆದರೆ ನಿಮ್ಮ ಕೈಯ ಬೆಂಕಿ ಆರಿಸಿ ಹೋಗಿ ಕೇಳಿ. ಇನ್ನೊಂದು, ಎಲ್ಲಕ್ಕಿಂತ ಮೊದಲಿನದು. ದೀಪ ಆರಿತು ಅಂದವನನ್ನು ನೋಡಿ ನಗಬೇಡಿ. ಆ ಓಣಿಯಲ್ಲಿ ನಿಂತ ಅಷ್ಟು ಜನರಲ್ಲಿ ಒಬ್ಬರು, ಒಬ್ಬರೇ ಒಬ್ಬರು ಅಣ್ಣನ ಜೊತೆಗೆ ಬೇಡ ಅಂದಿದ್ದರೆ ಆ ತಮ್ಮ ಇಳಿಯುತ್ತಿರಲಿಲ್ಲ.

ಉಳಿದ ಕಥೆ ಇಷ್ಟೇ. ಅಣ್ಣ ತಮ್ಮನನ್ನು ಬೆನ್ನಿಗೆ ಹೊತ್ತು ಎದ್ದ. ಸಾವುಕಾರನ ಮುಖ ಬಿಳಿಚಿತ್ತು. ದಾರಿಗೆ ಅಡ್ಡ ಬಂದು, ಎಲ್ಲರ ಮುಂದೆಯೇ ಕೇಳಿದ:

“ಗೊತ್ತಿದ್ದಾವ ಇನ್ನಷ್ಟು ಜೋರಾಗಿ ಯಾಕ ಹೇಳಲಿಲ್ಲೋ ನೀ?”

ಅಣ್ಣ ಅವನನ್ನು ಒಮ್ಮೆ ನೋಡಿದ. ತಮ್ಮನ ತಲೆ ಹೆಗಲ ಮೇಲೆ ಜೋಲುತ್ತಿತ್ತು. ಕಿವಿಯ ಪಕ್ಕದಲ್ಲಿ ಉಸಿರು ಒಂದು ಬರುತ್ತಿತ್ತು, ಇನ್ನೊಂದು ತಡೆಯುತ್ತಿತ್ತು. ಅದನ್ನೇ ಆಲಿಸುತ್ತ, ಮಂದಿಯನ್ನು ಸರಿಸಿಕೊಂಡು ನಡೆದುಬಿಟ್ಟ.