ಶೆಡ್ಡಿನ ಸೈಕಾಲಜಿ

ವಿಜಯಪುರದ ಬಸ್ ನಿಲ್ದಾಣದಲ್ಲಿ ಬಬಲೇಶ್ವರದ ಬಸ್ಸಿಗೆ ಕಾಯುತ್ತಿದ್ದ ಚಂದ್ರಕಲಾಳ ಕಣ್ಣು ಫೋನಿನ ಮೇಲಿತ್ತು, ಕಿವಿ ಮಾತ್ರ ಪಕ್ಕದ ಬೆಂಚಿನ ಅತ್ತೆ-ಸೊಸೆಯ ಕಡೆಗಿತ್ತು. ಸೊಸೆ ನಂದಾಳಿಗೆ ನಲವತ್ತು ದಾಟಿರಬೇಕು.

"ಸೈಕಾಲಜಿ ಡಿಗ್ರಿ ಮಾಡೂದಂತೂ ಖರೆ, ಅತ್ತೀ. ದಿನಾ ಕಾಲೇಜಿಗೆ ಬರ್ಲೋ, ಕರೆಸ್ಪಾಂಡೆನ್ಸ್ ಕಟ್ಟಿ ಮನ್ಯಾಗ ಓದ್ಲೋ, ಅಷ್ಟ ಹೇಳ್ರಿ."

"ಮನ್ಯಾಗ ಓದು," ಎಂದಳು ಅತ್ತೆ ಲಕ್ಕವ್ವ.

"ಮನ್ಯಾಗ ಬರೇ ಪುಸ್ತಕಾ ಓದೂದಾಕ್ಕೈತ್ರಿ. ಇದನ್ನ ಮಂದಿ ಜೋಡಿ ಮಾತಾಡಿ ಕಲೀಬೇಕು."

"ನಿನ್ನ ಮುಂದ ಯಾರು ಬಂದು ಮನಸ್ಸು ಬಿಚ್ಚತಾರವಾ?"

"ಅದಕ್ಕ ಕಾಲೇಜಿಗೆ ಬರ್ತೇನಿ. ಹೆಂಗ ಬಿಚ್ಚಸೂದು ಅಂತ ಕಲಿಸ್ತಾರ."

"ಬ್ಯಾಡ, ಬ್ಯಾಡ! ನೀ ನಮ್ಮ ಶೆಡ್ಡಿನ್ಯಾಗ ಇರಲಿಲ್ಲಂದ್ರ ಒಣದ್ರಾಕ್ಷಿ ಆರಸಾಕ ಒಬ್ಬಾಕೀನೂ ಬರೂದಿಲ್ಲ."

"ಯಾಕ್ರಿ? ಕೂಲಿ ಕೊಡಾವ್ರು ನೀವಲ್ಲಾ?"

"ಕೂಲಿ ತಿಕೋಟಾದಾಗ ಎಲ್ಲಾ ಶೆಡ್ಡಿನ್ಯಾಗೂ ಸಿಗತೈತಿ. ಅವರು ಬರೂದು ನಿನ್ನ ಬಾಜೂಕ ಕುಂತು, ಗಂಡಂದು, ಅತ್ತೀದು ಎಲ್ಲಾ ಹೇಳಿ, ಅತ್ತು ಹಗುರಾಗಾಕ."

ನಂದಾ ಅತ್ತೆಯ ಮುಖವನ್ನೇ ನೋಡಿದಳು.

"ಹಂಗ್ಯಾಕ ನೋಡ್ತಿ?"

"ಏನಿಲ್ರಿ."

ತಿಕೋಟಾ ಬಸ್ಸು ಬಂತು. ಲಕ್ಕವ್ವ ಸೆರಗು ಸಿಕ್ಕಿಸಿಕೊಂಡು, ಅಡ್ಡ ಬಂದವರನ್ನೆಲ್ಲ ದೂಡಿ ಮೊದಲು ಹತ್ತಿದಳು. ಮರುಗಳಿಗೆಯಲ್ಲೇ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು:

"ಲಗೂ ಬಾ, ನನ್ನ ಬಾಜೂಕ ಸೀಟ್ ಹಿಡದೇನಿ. ನಂದೂ ಒಂದೀಟು ಹೇಳೂದೈತಿ. ಆ ಶೆಡ್ಡಿನ್ಯಾಗ ನನ್ನ ಪಾಳೀನ ಬರೂದಿಲ್ಲ!"