ರಟ್ಟಿನ ಸಲಿಕೆ

ಹಳ್ಳಿಯವರೇ ಶತ್ರುಸೈನ್ಯವನ್ನು ಬಡಿದಟ್ಟುವ ಸರ್ಕಾರಿ ಸಿನಿಮಾ. ಒಳಗೆ ಮೊದಲ ಆಟ ಇನ್ನೂ ಮುಗಿದಿರಲಿಲ್ಲ. ಹೊರಗಿನ ಸಾಲಿನಲ್ಲಿ ದರ್ಜಿಯೊಬ್ಬನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಅವನು ಕಂಡವರ ಮಾತಿಗೆ ಕಿವಿಗೊಡುವ ಜಾಯಮಾನದವನಲ್ಲ. ಆದರೂ ಕಿವಿಗೆ ಬಿತ್ತು.

“ಎಷ್ಟು ಸಲ ಅಂತ ನೋಡ್ತೀಯಕ್ಕ? ಮನೆಗೆ ಹೋಗೋಣ ಬಾ.”

“ಮಗಂದು ಒಂದು ಫೋಟೋನೂ ಇಲ್ವಲ್ಲೇ. ಅವನು ಓಡಾಡೋದು ಕಾಣೋದು ಇದರಲ್ಲಿ ಮಾತ್ರ.”

“ಅವನಿಗೇನು ವೇಷ ಕೊಟ್ಟಿದ್ರು?”

“ಶತ್ರು ಸಿಪಾಯಿದು. ನಮ್ಮೂರಲ್ಲೇ ತೆಗೆದ್ರಲ್ಲ, ಶತ್ರುಗಳನ್ನ ಎಲ್ಲಿಂದ ತರ್ತಾರೆ? ಎತ್ತರ ಇದ್ದೋರಿಗೆಲ್ಲ ಆ ಬಟ್ಟೆ ತೊಡಿಸಿದ್ರು. ನನ್ನ ಕೈಗೆ ರಟ್ಟಿನ ಸಲಿಕೆ ಕೊಟ್ಟು, ಅವನ ತಲೆಗೇ ಹೊಡಿ ಅಂದ್ರು.”

“ಅಯ್ಯೋ! ಹೊಡೆದ್ಯಾ?”

“ಕೈಯೇ ಏಳಲಿಲ್ಲ. ‘ಜೋರಾಗಿ ಹೊಡಿಯಮ್ಮ, ನಂಗೇನೂ ಆಗಲ್ಲ’ ಅಂತ ಅವನೇ ಹೇಳ್ದ.”

“ನಿಜವಾದ ಯುದ್ಧಕ್ಕೆ ಹೊರಟಾಗ್ಲೂ ಅದೇ ಮಾತು ಹೇಳಿ ಹೋದ, ಪಾಪ.”

ಒಳಗೆ ಶಿಳ್ಳೆ, ಚಪ್ಪಾಳೆ ಒಮ್ಮೆಲೇ ಭೋರ್ಗರೆದವು.

“ಈಗ ಬಿದ್ದ” ಎಂದಳು ಅಕ್ಕ.

ತಂಗಿ ಅವಳ ಕೈ ಹಿಡಿದುಕೊಂಡಳು.

“ಅವತ್ತು ಬಿದ್ದೋನು ನಗ್ತಾ ಎದ್ದು ಮೈ ಕೊಡವಿಕೊಂಡ ಕಣೇ, ನನ್ನ ಕಣ್ಣೆದುರಿಗೇ. ಅದನ್ನ ಕತ್ತರಿಸಿ ಹಾಕಿದಾರೆ. ಇವತ್ತಾದ್ರೂ ತೋರಿಸ್ತಾರೇನೋ ಅಂತ ಬರ್ತೀನಿ.”

ಗೇಟು ತೆರೆಯಿತು. ಅಕ್ಕತಂಗಿಯರು ಒಳಗೆ ಹೋದರು. ಎಲ್ಲರಂತೆ ಶಿಳ್ಳೆ ಹೊಡೆಯಲೆಂದೇ ಬಂದಿದ್ದ ದರ್ಜಿ ನಿಂತಲ್ಲೇ ನಿಂತ. “ಮುಂದೆ ನಡಿಯಪ್ಪ” ಎಂದು ಹಿಂದಿನವರು ಗದರಿದರು.