ಡೆಲ್ಬರ್ಟನ ಎರಡನೇ ಟೋಪಿ
ಶನಿವಾರ ಬೆಳಿಗ್ಗೆ, ಸಿನಿಮಾ ಸ್ಟುಡಿಯೋಗಳ ಊರಾದ ಬರ್ಬ್ಯಾಂಕ್‌ನ ಬಸ್ ನಿಲ್ದಾಣದಲ್ಲಿ ಇಬ್ಬರು ಮುದುಕರು ಮಾತಾಡುತ್ತಿದ್ದರು. ಇಬ್ಬರದೂ ಕುದುರೆ ಸವಾರಿ ಮಾಡಿ ಮಾಡಿ ಬಾಗಿದ ಕಾಲು. ಹೊಲಿಗೆ ಕೆಲಸಕ್ಕೆ ಹೊರಟಿದ್ದ ನೆಟ್ಟಿ ಕಿವಿಗೊಡಬಾರದೆಂದುಕೊಂಡೇ ಕಿವಿಗೊಟ್ಟಳು.

“ನಿನ್ನ ಬಸ್ ಹತ್ತಿಸಿ ನಾನು ಮನೆಗೆ ಹೋಗ್ತೀನಿ, ಹೋಮರ್. ನಾವು ಮಾಡಿದ ಆ ಕೌಬಾಯ್ ಸಿನಿಮಾ ನೋಡೋಕೆ ನಾಚಿಕೆ ಆಗುತ್ತೆ. ನಾಲ್ಕೇ ದಿನದಲ್ಲಿ ತೆಗೆದು ಬಿಸಾಕಿದ್ದು. ಅದೇ ಬಂಡೆ ಏಳು ಸಲ ಬರುತ್ತೆ.”

“ಇವತ್ತು ಟೀವೀಲಿ ಹಾಕ್ತಾರೆ ಅಂತ ಲೂಯೆಲ್ಲಾನೇ ಮನೆಗೆ ಕರೆದಿದಾಳಲ್ಲೋ ಆರ್ವಿಲ್. ಅವಳ ಗಂಡ ಡೆಲ್ಬರ್ಟ್‌ನ ಮಣ್ಣು ಮಾಡಿದ ಮೇಲೆ ನೀನು ಆ ಕಡೆ ತಲೇನೇ ಹಾಕಿಲ್ಲ.”

“ಹೆಂಗೆ ಹೋಗ್ಲಿ? ಸಿನಿಮಾದಲ್ಲಿ ಡೆಲ್ಬರ್ಟ್‌ಗೆ ಗುಂಡು ಹೊಡೆಯೋನು ನಾನು. ಅವನು ಕುದುರೆಯಿಂದ ಬಿದ್ದು ಸಾಯೋದನ್ನ ಅವಳ ಪಕ್ಕ ಕೂತು ನೋಡ್ಲಾ?”

“ಅವನು ಸತ್ತ ಮೇಲೆ ಏನಾಗುತ್ತೆ, ನೆನಪಿದೆಯಾ?”



“ಶೆರೀಫನ ಪೊಲೀಸ್ ದಂಡು ಬರುತ್ತೆ. ಶೂಟಿಂಗಲ್ಲಿ ಸವಾರರು ಸಾಲ್ದೆ, ಆಗಲೇ ಸತ್ತು ಬಿದ್ದ ಪಾತ್ರದೋರಿಗೇ ಬೇರೆ ಟೋಪಿ ಹಾಕಿ ಕುದುರೆ ಹತ್ತಿಸಿದ್ರು.”

“ಡೆಲ್ಬರ್ಟ್‌ಗೆ?”

“ಬಿಳೀದು. ಅಳತೆಗಿಂತ ದೊಡ್ಡದು. ಕಿವಿ ಮುಚ್ಕೊಂಡು ಕೂರೋದು.”

“ಅವಳು ನಮ್ಮನ್ನ ಕರೆದಿರೋದು ಅದಕ್ಕೇ ಕಣೋ. ಅವನು ಬೀಳೋ ಹೊತ್ತಿಗೆ ಕಾಫಿ ಕಾಸೋಕೆ ಒಳಗೆ ಹೋಗ್ತಾಳಂತೆ. ಬಿಳಿ ಟೋಪಿ ಬಂದ ತಕ್ಷಣ ಯಾರಾದ್ರೂ ಕೂಗಿ ಕರೀಬೇಕಂತೆ.”

ಬಸ್ಸು ಬಂದು ನಿಂತಿತು. ನೆಟ್ಟಿಯದು ಅದಲ್ಲ. ಮೊದಲು ಹತ್ತಿದವನು ಆರ್ವಿಲ್. ಹತ್ತಿ, ಕಿಟಕಿ ಪಕ್ಕದಲ್ಲಿ ಹೋಮರನಿಗೂ ಜಾಗ ಹಿಡಿದ.